ಬೆಂಕಿಯಿಲ್ಲದ ಒಲೆಗಳು

ಇಂಗ್ಲೆಂಡಿನ ಗುಡ್ಡವೊಂದರ ನೆತ್ತಿಯಲ್ಲಿ ಹಾರ್ಡ್‌ವಿಕ್ ಹಾಲ್ ನಿಂತಿದೆ. ಗೋಡೆ ಕಮ್ಮಿ, ಕಿಟಕಿ ಜಾಸ್ತಿ. ಗಾಜು ಬಂಗಾರದಷ್ಟು ತುಟ್ಟಿಯಾಗಿದ್ದ ಕಾಲದಲ್ಲಿ ಮೂರು ಅಂತಸ್ತಿಗೂ ಗಾಜೇ ತುಂಬಿಸಿದ ಈ ಮನೆಯೊಡತಿಗೆ ಜನ ಏನಂದುಕೊಂಡಾರು ಎಂಬ ಹೆದರಿಕೆ ಇದ್ದಂತಿಲ್ಲ. ಆರು ಗೋಪುರಗಳ ತುದಿಯಲ್ಲೂ ಆಕಾಶಕ್ಕೆ ಕಾಣುವ ಹಾಗೆ ಕಲ್ಲಿನಲ್ಲಿ ತನ್ನ ಹೆಸರಿನ ‘ಇ’ ಮತ್ತು ‘ಎಸ್’ ಅಕ್ಷರಗಳನ್ನು ಕೆತ್ತಿಸಿಟ್ಟಿದ್ದಾಳೆ. ಎಲಿಜಬೆತ್, ಶ್ರೂಸ್‌ಬರಿಯ ಕೌಂಟೆಸ್. ಊರ ಬಾಯಲ್ಲಿ ಹಾರ್ಡ್‌ವಿಕ್‌ನ ಬೆಸ್. ನಾಲ್ಕು ಮದುವೆ, ಒಂದೊಂದರಲ್ಲೂ ಆಸ್ತಿ ಬೆಳೆಯಿತು. ನಾಲ್ಕನೆಯ ಗಂಡ ತೀರಿಕೊಂಡ 1590ರಲ್ಲೇ ಈ ಮನೆಯ ಕೆಲಸ ಶುರು. 1597ರಲ್ಲಿ ಒಕ್ಕಲಾಗುವಾಗ ಆಕೆಗೆ ಎಪ್ಪತ್ತರ ಆಸುಪಾಸು.

ಇಂಥ ಮನೆಗಳ ಒಲೆ ನೋಡಲು ನಮ್ಮ ಸವಾರಿ ನಾಟಿಂಗ್‌ಹ್ಯಾಮ್‌ನಿಂದ ಹೊರಟದ್ದು. ಮಗಳಿಗೆ ಅಲ್ಲಿ ಕೆಲಸ, ಕಾರು ಅವಳದೇ. ಜೊತೆಗೆ ಭಾವ. ಬ್ರಹ್ಮಾವರದ ಕಡೆಯ ಭಾವನ ವ್ಯಾಪಾರವೆಂದರೆ ಹಳೆ ಮನೆಗಳನ್ನು ಕಳಚುವುದು. ಪಾಲಾಗಿ ಹಂಚಿಹೋದ ದೊಡ್ಡ ಮನೆಗಳನ್ನು ವಹಿಸಿಕೊಂಡು ತೊಲೆ, ಕಂಬ, ಬಾಗಿಲು, ಮುಚ್ಚಿಗೆಯ ಹಲಗೆ ಎಲ್ಲ ಬಿಡಿಸಿ ಮಾರುತ್ತಾರೆ. ಯಾವ ಮನೆ ಹೊಕ್ಕರೂ ಅವರ ಕಣ್ಣು ಮೊದಲು ಮಾಡಿಗೆ, ಆಮೇಲೆ ಮನೆಯವರಿಗೆ. ಅಕ್ಕ ಮಾತ್ರ ಬರಲಿಲ್ಲ. ‘ಒಲಿ ಕಾಂಬುಕೆ ಅಷ್ಟ್ ದೂರ ಹೋಯ್ಕಾ?’ ಎಂದು ಕಂಬಳಿ ಹೊದ್ದು ಮಗಳ ಮನೆಯಲ್ಲೇ ಕೂತಳು.

ಬಾಗಿಲು ದಾಟಿದ್ದೇ ಹಜಾರ. ಎದುರಿಗೇ ಫೈರ್‌ಪ್ಲೇಸು. ನನ್ನಂಥವರು ಇಬ್ಬರು ಬಗ್ಗದೆ ಒಳಗೆ ನಿಲ್ಲಬಹುದು. ಅದರ ಮೇಲೆ ಗಾರೆಯಲ್ಲಿ ಅರಳಿದ ದೊಡ್ಡ ಲಾಂಛನ, ಎರಡು ಕಡೆ ಅದನ್ನು ಹೊತ್ತ ಜಿಂಕೆಗಳು. ಹೊರಗೆ ಮಳೆ ಜಿನುಗುತ್ತಿದೆ. ಸೆಪ್ಟೆಂಬರ್ ತಿಂಗಳು, ಇಲ್ಲಿನವರು ತೆಳುವಾದ ಅಂಗಿಯಲ್ಲಿ ಓಡಾಡುತ್ತಿದ್ದರೆ, ಸೆಕೆಯ ಊರಿನಿಂದ ಬಂದ ನಮಗೆ ಕಿವಿ ಮರಗಟ್ಟಿದೆ. ಭಾವ ಎರಡೂ ಅಂಗೈ ಚಾಚಿ ಒಲೆಯತ್ತ ನಡೆದರು. ಒಳಗೆ ಇಣುಕಿ, ತಿರುಗಿ ನನ್ನನ್ನು ನೋಡಿದರು.

‘ಹ್ವಾಯ್ ಭಾವ, ಬೆಂಕಿ ಎಲ್ಲಿತ್ತ್?’

ಇರಲಿಲ್ಲ. ಗುಡಿಸಿ ಒರೆಸಿದ ಕಲ್ಲು ಮಾತ್ರ. ಮಹಡಿಯ ಮೇಲಿನ ಲಾಂಗ್ ಗ್ಯಾಲರಿಗೆ ಹೋದರೆ ಅಲ್ಲೂ ಇದೇ ಕಥೆ. ಈ ಗ್ಯಾಲರಿ ಮನೆಯ ಉದ್ದಕ್ಕೂ ಚಾಚಿಕೊಂಡಿದೆ, ನೂರೈವತ್ತು ಅಡಿಗೂ ಹೆಚ್ಚು. ಹೊರಗೆ ಮಳೆಯಿದ್ದರೆ ಇಲ್ಲೇ ಅತ್ತಿಂದಿತ್ತ ನಡೆದು ಕಾಲಾಡಿಸುತ್ತಿದ್ದರಂತೆ. ನೆಲಕ್ಕೆ ಜೊಂಡಿನ ಚಾಪೆ, ಗೋಡೆಗೆ ಚಿತ್ರ ನೇಯ್ದ ಪರದೆ, ಪರದೆಯ ಮೇಲೆಯೇ ನೇತುಹಾಕಿದ ರಾಜರಾಣಿಯರ ಚಿತ್ರಗಳು. ಒಂದೇ ಬದಿಯಲ್ಲಿ ಎರಡು ಭಾರೀ ಬೆಂಕಿಗೂಡುಗಳು. ಹಾಲಿನ ಕೆನೆಯಂಥ ಅಲಬಾಸ್ಟರ್ ಕಲ್ಲಿಗೆ ಕಡುಗಪ್ಪು ಕಲ್ಲನ್ನು ಕೂಡಿಸಿ ಮಾಡಿದವು. ಒಂದರ ಮೇಲೆ ನ್ಯಾಯದೇವತೆ, ಇನ್ನೊಂದರ ಮೇಲೆ ಕರುಣೆ. ಕೆತ್ತಿದವನು ಥಾಮಸ್ ಏಕರ್ಸ್ ಎಂಬ ಶಿಲ್ಪಿ. ಕಪ್ಪು ಕಲ್ಲು ಇದೇ ಜಿಲ್ಲೆಯ ಆ್ಯಶ್‌ಫರ್ಡ್ ಎಂಬ ಹಳ್ಳಿಯದು. ಹುಟ್ಟಿನಲ್ಲಿ ಸುಣ್ಣದ ಕಲ್ಲೇ ಆದರೂ ಉಜ್ಜಿದರೆ ಮುಖ ಕಾಣುವಷ್ಟು ಹೊಳೆಯುತ್ತದೆ. ಭಾವ ಅದರಲ್ಲಿ ಮುಖ ನೋಡಿ ಮಫ್ಲರ್ ಸರಿಮಾಡಿಕೊಂಡರು.

ಬೆಂಕಿ ಯಾಕಿಲ್ಲ ಎಂದು ಮಗಳು ಕೋಣೆ ಕಾಯುವ ಹಿರಿಯ ಹೆಂಗಸನ್ನು ಕೇಳಿದಳು. ಕಿಡಿ ಹಾರಿದರೆ ನಾನೂರು ವರ್ಷದ ಪರದೆ ಉರಿದುಹೋದೀತು, ಹೊಗೆಗೆ ಚಿತ್ರಗಳು ಕಪ್ಪಾಗುತ್ತವೆ, ಒಮ್ಮೆಲೇ ಬಿಸಿಯಾದರೆ ಹಳೆಯ ಮರ ಬಿರಿಯುತ್ತದೆ. ಎಲ್ಲವೂ ಒಪ್ಪತಕ್ಕ ಮಾತೇ. ಭಾವ ಒಪ್ಪಲಿಲ್ಲ. ಅವರ ಪ್ರಕಾರ ಹೊಗೆ ತಾಗದ ಮರಕ್ಕೆ ಹುಳ ಬೀಳುತ್ತದೆ. ನಮ್ಮ ಅಡುಗೆಮನೆಯ ಅಟ್ಟದ ತೊಲೆಗಳು ಇನ್ನೂ ಗಟ್ಟಿ ಉಳಿದದ್ದೇ ಹೊಗೆಯಿಂದ. ಆ ಹೆಂಗಸು ಇದನ್ನು ಗಂಭೀರವಾಗಿ ಕೇಳಿಸಿಕೊಂಡರು. ‘ನಮ್ಮ ಮೇಲಿನವರಿಗೆ ಹೇಳುತ್ತೇನೆ’ ಎಂದರು. ನಗಲಿಲ್ಲ. ಇಂಗ್ಲಿಷರು ಯಾವಾಗ ತಮಾಷೆ ಮಾಡುತ್ತಾರೆ ಎಂಬುದು ಕೊನೆವರೆಗೂ ನನಗೆ ತಿಳಿಯಲಿಲ್ಲ.

ಕಾಲು ಸೋತು ಕುರ್ಚಿ ಹುಡುಕಿದರೆ ಪ್ರತಿ ಕುರ್ಚಿಯ ಮೇಲೂ ಒಂದೊಂದು ಪೈನ್ ಕಾಯಿ, ಇಲ್ಲವೇ ಒಣಗಿದ ಮುಳ್ಳಿನ ಹೂವು. ಕೂರಬೇಡಿ ಎಂದು ಬೋರ್ಡು ಹಾಕುವುದು ಒರಟು ಎನಿಸುತ್ತದಂತೆ. ಅದಕ್ಕೇ ಈ ಸಭ್ಯ ಏರ್ಪಾಡು. ಇಂಥ ಹಳೆಯ ಮನೆಗಳಲ್ಲೆಲ್ಲ ಇದೇ ರೂಢಿ ಎಂದಳು ಮಗಳು.

ನನಗೆ ವಿಚಿತ್ರವಾಗಿ ಕಂಡದ್ದು ಬೇರೆಯೇ. ನಮ್ಮ ಕಡೆ ದೊಡ್ಡ ಮನೆ ಕಟ್ಟಿದವನು ತನ್ನ ದೊಡ್ಡಸ್ತಿಕೆಯನ್ನೆಲ್ಲ ಸುರಿಯುವುದು ಹೆಬ್ಬಾಗಿಲಿಗೆ, ಚಾವಡಿಯ ಕಂಬಕ್ಕೆ. ಬಾಗಿಲವಾಡದ ಮೇಲೆ ಬಳ್ಳಿ, ಹಂಸ, ನಡುವೆ ಗಜಲಕ್ಷ್ಮಿ. ಹಲಸಿನ ಕಂಬಕ್ಕೆ ತಾವರೆಯ ಬುಡ. ಬೆಂಕಿ ಮಾತ್ರ ಮನೆಯ ಬೆನ್ನಿಗೆ. ಅಡುಗೆ ಒಲೆ ಒಳಗಿನ ಕತ್ತಲಲ್ಲಿ, ಹಂಡೆಯ ಒಲೆ ಬಚ್ಚಲಲ್ಲಿ, ಭತ್ತ ಬೇಯಿಸುವ ಒಲೆ ಹಿತ್ತಿಲಲ್ಲಿ. ಮಸಿ ಹಿಡಿದ ಆ ಮೂಲೆಗೆ ನೆಂಟರು ಕಾಲಿಡುವುದೂ ಇಲ್ಲ. ತೆಂಗಿನ ಸಿಪ್ಪೆ ತುರುಕುವ ಬಾಯಿಗೆ ಹೂಬಳ್ಳಿ ಕೆತ್ತಿಸುತ್ತೇನೆ ಎಂದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಆಚಾರಿಯೂ ಉಳಿ ಎತ್ತಿಕೊಳ್ಳಲಾರ. ಇಲ್ಲಿ ಎಲ್ಲ ತಿರುಗಾಮುರುಗಾ. ಬಾಗಿಲು ಸಾದಾ, ಕೆತ್ತನೆಯೆಲ್ಲ ಒಲೆಗೆ. ಮೊದಲು ಇವರದ್ದೂ ಹಜಾರದ ನಡುವಿನ ಬರಿಯ ಬೆಂಕಿಯೇ. ಹೊಗೆ ಮಾಡಿನ ಸಂದಿನಲ್ಲಿ ಹೊರಹೋಗುತ್ತಿತ್ತು. ಹೊಗೆಗೂಡು ಬಂದ ಮೇಲೆ ಬೆಂಕಿ ಗೋಡೆಗೆ ಸರಿಯಿತು. ವರ್ಷದ ಬಹುಪಾಲು ಚಳಿಯಿರುವ ಊರಿನಲ್ಲಿ ಬಂದವರೆಲ್ಲ ಮುಖ ಮಾಡಿ ಕೂರುವ ಜಾಗ ಅದೊಂದೇ. ಕುಲದ ಹೆಸರು, ಗುರುತು, ದೇವತೆ ಎಲ್ಲ ಅಲ್ಲಿಗೇ ಬಂದು ಸೇರಿದವು.

ಒಲೆಯಿಂದ ಶ್ರೀಮಂತಿಕೆ ಅಳೆಯಬಹುದು ಎಂಬುದು ಸರಕಾರಕ್ಕೂ ಹೊಳೆಯಿತು. 1662ರಲ್ಲಿ ಒಲೆಯೊಂದಕ್ಕೆ ವರ್ಷಕ್ಕೆ ಎರಡು ಶಿಲ್ಲಿಂಗ್ ತೆರಿಗೆ ಹಾಕಿದರು. ಅಧಿಕಾರಿಗಳು ಮನೆಯೊಳಗೆ ನುಗ್ಗಿ ಎಣಿಸುತ್ತಿದ್ದದ್ದು ಜನರಿಗೆ ಎಷ್ಟು ಅಸಹ್ಯವಾಯಿತೆಂದರೆ 1689ರಲ್ಲಿ ಅದನ್ನು ಕೈಬಿಟ್ಟರು. ಭಾವ ಬ್ರಹ್ಮಾವರದ ಮನೆಗೆ ಎಷ್ಟಾಗುತ್ತಿತ್ತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಬಚ್ಚಲ ಒಲೆಯನ್ನು ಬಿಡಿಸಿಕೊಳ್ಳಬಹುದಿತ್ತು ಎಂದರು.

ಹಾರ್ಡ್‌ವಿಕ್‌ನಿಂದ ಬೋಲ್ಸೋವರ್‌ಗೆ ಹೆಚ್ಚು ದೂರವಿಲ್ಲ. ಬೆಸ್‌ಳ ಕಿರಿಯ ಮಗ ಚಾರ್ಲ್ಸ್ ಕ್ಯಾವೆಂಡಿಷ್ 1612ರಲ್ಲಿ ಶುರು ಮಾಡಿ, ಅವನ ಮಗ ವಿಲಿಯಂ ಮುಗಿಸಿದ ‘ಪುಟ್ಟ ಕೋಟೆ’ ಅಲ್ಲಿದೆ. ಕೋಟೆಯೆಂದರೆ ಯುದ್ಧಕ್ಕಲ್ಲ, ಆಟಕ್ಕೆ; ಹಳೆಯ ವೀರರ ಕಥೆಗಳನ್ನು ಓದಿ ಹುಚ್ಚು ಹಿಡಿದವರು ಕಟ್ಟಿಸಿಕೊಂಡ ಕನಸು. ಹೊಕ್ಕ ಮೇಲೆ ನನಗೆ ಹೊರಬರಲು ಮನಸ್ಸೇ ಆಗಲಿಲ್ಲ. ಕೋಣೆಗಳು ಸಣ್ಣವು, ಆದರೆ ಪ್ರತಿ ಕೋಣೆಗೂ ಒಂದು ಬೆಂಕಿಗೂಡು, ಒಂದರಂತೆ ಇನ್ನೊಂದಿಲ್ಲ. ಮೇಲೆ ಕಲ್ಲಿನ ಮುಸುಕು ಮುಂದಕ್ಕೆ ಬಾಗಿಕೊಂಡಿದೆ. ಕೆಲವು ಮೂಲೆಯಲ್ಲಿ ಒತ್ತರಿಸಿ ನಿಂತಿವೆ. ತಿಳಿ ಬಣ್ಣದ ಸ್ಥಳೀಯ ಕಲ್ಲಿನ ನಡುವೆ ಕಪ್ಪು, ಕೆಂಚು ಕಲ್ಲಿನ ತುಂಡುಗಳನ್ನು ಆಭರಣಕ್ಕೆ ಹರಳು ಕೂರಿಸಿದಂತೆ ಕೂರಿಸಿದ್ದಾರೆ. ವಿನ್ಯಾಸದ ಮೂಲ ಇಟಲಿಯ ಸೆರ್ಲಿಯೋ ಎಂಬ ವಾಸ್ತುಕಾರನ ಪುಸ್ತಕದ ಚಿತ್ರಗಳು. ಪುಸ್ತಕ ನೋಡಿ ಕೆತ್ತಿದರೂ ಇಲ್ಲಿನ ಕೆಲಸಗಾರರು ಮನಸ್ಸಿಗೆ ಬಂದದ್ದನ್ನೂ ಸೇರಿಸಿಬಿಟ್ಟಿದ್ದಾರೆ. ಹಾರ್ಡ್‌ವಿಕ್‌ನ ಒಲೆಗಳು ನಿಲ್ಲು, ಕೈಮುಗಿ ಎನ್ನುತ್ತವೆ. ಇವು ಬಾ, ಕೂತು ಹರಟೆ ಹೊಡಿ ಎನ್ನುತ್ತವೆ. 1634ರಲ್ಲಿ ರಾಜ ಚಾರ್ಲ್ಸ್ ಇಲ್ಲಿಗೆ ಬಂದಾಗ ನಾಟಕಕಾರ ಬೆನ್ ಜಾನ್ಸನ್‌ನಿಂದ ಅದಕ್ಕೆಂದೇ ಆಟ ಬರೆಸಿ ಆಡಿಸಿದ್ದರು. ನೋಡಿದ್ದರಲ್ಲೆಲ್ಲ ನನ್ನ ಓಟು ಬೋಲ್ಸೋವರ್‌ಗೇ. ಬೆಂಕಿ ಇಲ್ಲಿಯೂ ಇಲ್ಲ.

ಬೆಂಕಿ ಸಿಕ್ಕಿದ್ದು ಹಿಂದಿರುಗುವ ದಾರಿಯಲ್ಲಿ, ಹಳ್ಳಿಯೊಂದರ ಪಬ್ಬಿನಲ್ಲಿ. ತಗ್ಗು ಮಾಡು, ಕಪ್ಪಾದ ತೊಲೆ, ಮೂಲೆಯಲ್ಲಿ ಬರಿಯ ಇಟ್ಟಿಗೆಯ ಗೂಡು. ಕೆತ್ತನೆಯೆಂದರೆ ಯಾರೋ ಚಾಕುವಿನಲ್ಲಿ ಗೀಚಿದ ಹೆಸರೊಂದೇ. ಒಳಗೆ ಸೌದೆ ಚಟಪಟ ಎನ್ನುತ್ತಿದೆ. ಭಾವ ಒದ್ದೆ ಸಾಕ್ಸ್ ಕಳಚಿ ಕಾಲು ಚಾಚಿದರು. ಮಗಳು ನಾಚಿಕೆಯಿಂದ ಇನ್ನೊಂದು ಟೇಬಲ್ಲಿಗೆ ಹೋದಳು. ಪಕ್ಕದಲ್ಲಿದ್ದ ನಾಯಿ ಎದ್ದು ಜಾಗ ಬಿಟ್ಟುಕೊಟ್ಟಿತು. ಟೀಗೆ ಅಲ್ಲಿ ಕೊಟ್ಟ ದುಡ್ಡನ್ನು ರೂಪಾಯಿಗೆ ತಿರುಗಿಸಿ ಹೇಳಬೇಡ ಎಂದು ಮಗಳಿಗೆ ಮೊದಲೇ ತಾಕೀತು ಮಾಡಿದ್ದೆ.

ಮರುದಿನ ಡರ್ಬಿಯ ಹತ್ತಿರದ ಕೆಡಲ್‌ಸ್ಟನ್. ಕೋಲ್ಕತ್ತದ ರಾಜಭವನ ನೋಡಿದವರಿಗೆ ಇಲ್ಲಿ ಕಣ್ಣು ಕಟ್ಟಿದಂತಾಗುತ್ತದೆ. 1803ರಲ್ಲಿ ಪೂರ್ತಿಯಾದ ಆ ಭವನಕ್ಕೆ ಮಾದರಿ ಈ ಮನೆಯೇ. ಒಳಗೆ ಅಲಬಾಸ್ಟರಿನ ಇಪ್ಪತ್ತು ಕಂಬಗಳ ಹಜಾರ. ಆಮೇಲೆ ಒಂದರ ಹಿಂದೆ ಒಂದು ಕೋಣೆ. ಡ್ರಾಯಿಂಗ್ ರೂಮಿನ ಬೆಂಕಿಗೂಡಿನ ಎರಡು ಬದಿಗೂ ಬಿಳಿಯ ಅಮೃತಶಿಲೆಯ ಹೆಂಗಸರು ನಿಂತಿದ್ದಾರೆ. ರಾಬರ್ಟ್ ಆ್ಯಡಂ ಎಂಬ ವಾಸ್ತುಕಾರ 1760ರಲ್ಲಿ ಕೆಲಸ ಕೈಗೆತ್ತಿಕೊಂಡವನು ಕಾರ್ಪೆಟ್ಟಿನ ಅಂಚಿನಿಂದ ಒಲೆಯ ಕಟ್ಟಿನವರೆಗೆ ಎಲ್ಲದರ ಮೇಲೂ ಕಣ್ಣಿಟ್ಟಿದ್ದ. ನುಣುಪು, ಅಚ್ಚುಕಟ್ಟು, ತಪ್ಪು ಹುಡುಕಲು ಬಾರದ ಹಾಗಿದೆ. ನನಗೇನೋ ಬೋಲ್ಸೋವರ್‌ನ ತಲೆಹರಟೆ ಕಲ್ಲುಗಳೇ ನೆನಪಾದವು. ಕೆಳಗಿನ ಕೋಣೆಗಳಲ್ಲಿ ಇಂಡಿಯಾದಿಂದ ತಂದ ಸಾಮಾನು. 1903ರ ದೆಹಲಿ ದರ್ಬಾರಿಗೆ ಲೇಡಿ ಕರ್ಜನ್ ಉಟ್ಟ ನವಿಲುಗರಿ ಕಸೂತಿಯ ನಿಲುವಂಗಿ ಇಲ್ಲಿನದೇ; ಗರಿಯ ಕಣ್ಣುಗಳಿಗೆ ಕೂರಿಸಿದ್ದು ಜೀರುಂಡೆಯ ಹಸಿರು ರೆಕ್ಕೆಗಳನ್ನು.

ಹೌದು, ಅದೇ ಕರ್ಜನ್. 1859ರಲ್ಲಿ ಹುಟ್ಟಿದ್ದು ಈ ಮನೆಯಲ್ಲಿ. ಬಂಗಾಳವನ್ನು ಸೀಳಿದ ವೈಸ್‌ರಾಯ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಹೆಸರು, ಒಲೆಗಳ ಬೆನ್ನು ಹತ್ತಿ ಹೊರಟ ನಮಗೆ ಮತ್ತೆ ಎದುರಾಗುತ್ತದೆಂದು ನಾನು ಎಣಿಸಿರಲಿಲ್ಲ. ಅವನನ್ನು ಹಿಂಬಾಲಿಸಿಯೇ ನಾವು ಲಿಂಕನ್‌ಶೈರ್‌ಗೆ ಹೋದದ್ದು.

ಲಿಂಕನ್‌ಶೈರ್ ಚಪ್ಪಟೆ ನಾಡು. ಎತ್ತ ನೋಡಿದರೂ ಕೊಯ್ಲು ಮುಗಿದ ಹೊಲ, ನಡುನಡುವೆ ನೀರಿನ ಕಾಲುವೆ. ಆ ಬಯಲಿನಲ್ಲಿ ಕೆಂಪಿಟ್ಟಿಗೆಯ ಗೋಪುರವೊಂದು ಒಂಟಿಯಾಗಿ ಎದ್ದಿದೆ: ಟ್ಯಾಟರ್ಶಲ್. ಎತ್ತರ ಸುಮಾರು ನೂರಮೂವತ್ತು ಅಡಿ. ಹದಿನೈದನೆಯ ಶತಮಾನದಲ್ಲಿ ಕಟ್ಟಿಸಿದವನು ರಾಲ್ಫ್ ಕ್ರಾಮ್‌ವೆಲ್, ಆರನೆಯ ಹೆನ್ರಿಯ ಖಜಾಂಚಿ. ಪಕ್ಕದಲ್ಲೇ ವಾಯುಸೇನೆಯ ನೆಲೆ. ನಾವು ಕಾರಿನಿಂದಿಳಿಯುವುದಕ್ಕೂ ಒಂದು ಯುದ್ಧವಿಮಾನ ತಲೆಯ ಮೇಲೆ ಹಾದುಹೋಗುವುದಕ್ಕೂ ಸರಿಹೋಯಿತು. ಭಾವ ಮಫ್ಲರಿನೊಳಗೆ ಕುತ್ತಿಗೆ ಎಳೆದುಕೊಂಡರು. ಅಲ್ಲಿನ ಕಾಗೆಗಳು ಅಲುಗಲಿಲ್ಲ.

ಸುರುಳಿ ಮೆಟ್ಟಿಲು ನೂರೈವತ್ತರ ಹತ್ತಿರ. ಹತ್ತುವವರಿಗೆ ಹಿಡಿದುಕೊಳ್ಳಲು ಗೋಡೆಯ ಕಲ್ಲಿನಲ್ಲೇ ಕೈಹಿಡಿ ಕೊರೆದಿದ್ದಾರೆ. ಮಹಡಿಗೊಂದರಂತೆ ದೊಡ್ಡ ಕಲ್ಲಿನ ಬೆಂಕಿಗೂಡು. ಮೇಲಂಚಿಗೆ ಕೋಟೆಯ ತೆನೆಗಳು, ಕೆಳಗೆ ಸಾಲಾಗಿ ಕುಲದ ಗುರಾಣಿಗಳು, ನಡುನಡುವೆ ಮತ್ತೆ ಮತ್ತೆ ಬರುವ ಒಂದು ಹಣದ ಚೀಲ. ಖಜಾಂಚಿಯ ಗುರುತು! ರಾಜ್ಯದ ಹಣ ನೋಡಿಕೊಳ್ಳುವವನು ತನ್ನ ಮನೆಯ ಒಲೆಗೆ ಹಣದ ಚೀಲ ಕೆತ್ತಿಸಿ, ‘ನನಗೆ ಹಕ್ಕಿಲ್ಲವೇ?’ ಎಂಬ ಅರ್ಥದ ಫ್ರೆಂಚ್ ಮಾತನ್ನೂ ಹಾಕಿಸಿದ್ದಾನೆ. ಇಷ್ಟು ಧೈರ್ಯ ನಮ್ಮ ಯಾವ ಮಂತ್ರಿಯೂ ತೋರಿಸಿದ್ದನ್ನು ನಾನು ಕಂಡಿಲ್ಲ.

ಈ ಒಲೆಗಳ ನಿಜವಾದ ಕಥೆ ಶುರುವಾಗುವುದು ಕಟ್ಟಿದ ಸುಮಾರು ಐನೂರು ವರ್ಷಗಳ ನಂತರ. ಗೋಪುರ ಪಾಳುಬಿದ್ದಿತ್ತು, ಮಾಡಿಲ್ಲ, ಮಹಡಿಯ ನೆಲವಿಲ್ಲ. ಬೆಂಕಿಗೂಡುಗಳು ಮಾತ್ರ ಗೋಡೆಗೆ ಅಂಟಿಕೊಂಡು ಒಂದರ ಮೇಲೊಂದು ಗಾಳಿಯಲ್ಲಿ ನಿಂತಿದ್ದವು. 1911ರಲ್ಲಿ ವ್ಯಾಪಾರಿಗಳು ಅವನ್ನು ಕಿತ್ತು, ಕಟ್ಟಿ, ಅಮೆರಿಕಕ್ಕೆ ಸಾಗಿಸಲು ಲಂಡನ್‌ಗೆ ಒಯ್ದರು. ಆಗಿನ ಅಮೆರಿಕದ ಕೋಟ್ಯಧಿಪತಿಗಳಿಗೆ ಹಳೆ ಯುರೋಪಿನ ಬಾಗಿಲು, ಮುಚ್ಚಿಗೆ, ಒಲೆಗಳ ಖಯಾಲಿ. ಸುದ್ದಿ ತಿಳಿದ ಕರ್ಜನ್ ಅದೇ ವರ್ಷ ಗೋಪುರವನ್ನು ಕೊಂಡ. ಆಮೇಲೆ ಒಲೆಗಳ ಹುಡುಕಾಟ. ಲಂಡನ್ನಿನಲ್ಲಿ ಪತ್ತೆಯಾದವನ್ನು ಹಣ ಕೊಟ್ಟು ಬಿಡಿಸಿಕೊಂಡು 1912ರಲ್ಲಿ ಗಾಡಿಗಳ ಮೇಲೆ ಹೇರಿ, ಬಾವುಟ ಕಟ್ಟಿ, ಊರಿನ ನಡುವೆ ಮೆರವಣಿಗೆಯಲ್ಲಿ ತಂದರು. ಕಲ್ಲಿನ ಒಲೆಗೆ ಉತ್ಸವ! ನೆಲ, ಮಾಡು ಹೊಸದಾಗಿ ಕೂರಿಸಿದ್ದು ವಿಲಿಯಂ ವಿಯರ್ ಎಂಬ ವಾಸ್ತುಕಾರ. ಈ ಗಲಾಟೆಯ ಬೆನ್ನಿಗೇ 1913ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಸ್ಮಾರಕಗಳಿಗೆ ಗಟ್ಟಿ ಕಾನೂನು ಬಂತು. ಕರ್ಜನ್ ಅಂಥದೊಂದನ್ನು ಒಂಬತ್ತು ವರ್ಷ ಮೊದಲೇ, 1904ರಲ್ಲಿ, ಇಂಡಿಯಾದಲ್ಲಿ ಮಾಡಿಯಾಗಿತ್ತು. 1925ರಲ್ಲಿ ಸಾಯುವಾಗ ಗೋಪುರವನ್ನು ಹಳೆಯ ಕಟ್ಟಡಗಳನ್ನು ಕಾಯುವ ನ್ಯಾಷನಲ್ ಟ್ರಸ್ಟಿಗೆ ಬರೆದುಕೊಟ್ಟ. ಜನರ ನಾಡನ್ನು ಎರಡು ತುಂಡು ಮಾಡಲು ಹಿಂಜರಿಯದ ಕೈ, ಕಲ್ಲು ಚೂರಾಗಬಾರದು ಎಂದು ಇಷ್ಟು ಒದ್ದಾಡಿತೇ ಎಂದು ನಾನು ಒಲೆಯ ಮುಂದೆ ನಿಂತು ಯೋಚಿಸುತ್ತಿದ್ದೆ.

ಭಾವನ ಯೋಚನೆ ಬೇರೆ. ಅವರು ಮೊಣಕಾಲೂರಿ ಕೂತು ಕಲ್ಲಿನ ಸಂದುಗಳನ್ನು ನೋಡುತ್ತಿದ್ದಾರೆ.

‘ನಂಬ್ರ ಹಾಕಿರ್ಕಲ್ದಾ?’ ಎಂದರು. ‘ನಂಬ್ರ ಹಾಕ್ದೆ ಕಳಚ್ರೆ ತಿರ್ಗಿ ಕೂರ್ಸೂಕೆ ಆತ್ತಾ? ಕಿತ್ತವ್ರ್ ಕೆಲ್ಸ ಗೊತ್ತಿದ್ದವ್ರೇ.’

ಕರ್ಜನ್‌ಗಿಂತ ಹೆಚ್ಚಿನ ಮರ್ಯಾದೆ ಅವರಿಂದ ಸಿಕ್ಕಿದ್ದು ಆ ಕಿತ್ತವರಿಗೆ. ತಮ್ಮ ಕೆಲಸದ ರೀತಿಯನ್ನು ಅಲ್ಲೇ ವಿವರಿಸಿದರು. ಮೊದಲು ಹಂಚು, ಆಮೇಲೆ ರೀಪು, ಪಕಾಸಿ, ಕೊನೆಗೆ ತೊಲೆ, ಕಂಬ. ಮೇಲಿಂದ ಕೆಳಗೆ ಬಂದರೆ ಮನೆ ತಾನಾಗಿ ಬಿಡಿಸಿಕೊಳ್ಳುತ್ತದೆ. ತುಂಡು ತುಂಡಿಗೂ ಬಣ್ಣದಲ್ಲಿ ನಂಬರು, ಎಡಕ್ಕೆ ಒಂದು ಗುರುತು, ಬಲಕ್ಕೆ ಇನ್ನೊಂದು. ಕೊಂಡವನು ಇಡೀ ಮನೆ ಎಬ್ಬಿಸುತ್ತಾನೋ ಕಂಬ ಕೊಯ್ದು ಸೋಫಾ ಮಾಡಿಸುತ್ತಾನೋ, ಅದು ಅವನ ಹಣೆಬರಹ, ನಂಬರಂತೂ ಹಾಕಲೇಬೇಕು. ಪಕ್ಕದಲ್ಲಿ ನಿಂತ ಇಂಗ್ಲಿಷ್ ದಂಪತಿಗೆ ಮಗಳು ಇದನ್ನೆಲ್ಲ ಅನುವಾದಿಸಿದಳು. ಆ ಗಂಡಸು ಕೈಕುಲುಕಿ, ನಿಮ್ಮದು ಸಂರಕ್ಷಣೆಯ ಕೆಲಸವೇ ಎಂದು ಕೇಳಿದ. ಭಾವ ಧಾರಾಳವಾಗಿ ಹೌದೆಂದರು.

ಪೂರ್ತಿ ಸುಳ್ಳೂ ಅಲ್ಲ. ನಮ್ಮ ಕುಂದಾಪುರ ಕಡೆಯ ಹರ್ಕೂರಿನ ಒಳಗಿನ ಮನೆ ಈಗ ಇರುವುದು ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿ. ಬ್ಯಾಂಕಿನ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಎಂಬವರು ಬೀಳುತ್ತಿದ್ದ ಮನೆಗಳನ್ನು ಹುಡುಕಿ ಹುಡುಕಿ, ತುಂಡು ತುಂಡಾಗಿ ತಂದು ಅಲ್ಲಿ ಮತ್ತೆ ಎಬ್ಬಿಸಿದರು. ಮೆರವಣಿಗೆ, ಬಾವುಟ ಏನೂ ಇರಲಿಲ್ಲ. ಸಾಗಿಸಿದ್ದೂ ಎಲ್ಲರಂತೆ ಲಾರಿಯಲ್ಲೇ ಇರಬೇಕು. ಹಾಗೆ ಲಾರಿ ಹತ್ತಿದ ಬೇರೆ ಮನೆಗಳು ಎಲ್ಲಿಗೆ ಹೋದವು ಎಂದು ಭಾವನನ್ನು ಕೇಳಿದೆ. ರೆಸಾರ್ಟು, ಬೆಂಗಳೂರಿನ ವಿಲ್ಲಾ, ಒಂದೆರಡು ಹೋಟೆಲು, ಉಳಿದದ್ದು ಮಿಲ್ಲಿಗೆ ಎಂದರು. ಆಮೇಲೆ ಕಾರಿನಲ್ಲಿ ಸುಮಾರು ಹೊತ್ತು ಕಿಟಕಿಯಾಚೆ ಬೀಟ್‌ರೂಟ್ ಹೊಲ ನೋಡುತ್ತ ಕೂತರು. ಅದು ಸಕ್ಕರೆಯ ಬೀಟ್‌ರೂಟು ಎಂದು ತಿಳಿದ ಮೇಲೆ ಎಕರೆಗೆಷ್ಟು ಎಂಬ ವಿಚಾರಣೆ ಶುರುವಾಯಿತು.

ಕೊನೆಯ ನಿಲ್ದಾಣ ಲಂಡನ್. ಸೆಪ್ಟೆಂಬರಿನಲ್ಲಿ ಕೆಲವು ದಿನ ಅಲ್ಲಿನ ಎಷ್ಟೋ ಮುಚ್ಚಿದ ಕಟ್ಟಡಗಳು ಊರವರಿಗೆ ಪುಕ್ಕಟೆ ತೆರೆಯುತ್ತವೆ. ವೈಟ್‌ಹಾಲಿನ ವಿದೇಶಾಂಗ ಕಚೇರಿಯೂ ಅವುಗಳಲ್ಲೊಂದು. ಸಾಲು ಬೀದಿಯ ಮೂಲೆ ತಿರುಗಿತ್ತು. ಇಂಗ್ಲಿಷರು ಸಾಲಿನಲ್ಲಿ ನಿಲ್ಲುವುದನ್ನು ನಿಜಕ್ಕೂ ಇಷ್ಟಪಡುತ್ತಾರೆ. ಮುಂದಿನವರು ಸರಿದರೂ ಗಡಿಬಿಡಿಯಿಲ್ಲದೆ, ತಮ್ಮ ಸರದಿ ಸವಿಯುತ್ತ ನಿಂತಿರುತ್ತಾರೆ. ಒಳಗೆ ಹಿಂದಿನ ಇಂಡಿಯಾ ಆಫೀಸು. ದರ್ಬಾರ್ ಅಂಗಳ ದಾಟಿ ಕೌನ್ಸಿಲ್ ಕೋಣೆಗೆ ಬಂದರೆ, ಇಡೀ ಇಂಡಿಯಾದ ಆಗುಹೋಗುಗಳು ನಿರ್ಧಾರವಾಗುತ್ತಿದ್ದ ಕೋಣೆಯಲ್ಲಿ, ಎದುರಿಗೇ ಬಿಳಿಯ ಅಮೃತಶಿಲೆಯ ಬೆಂಕಿಗೂಡು.

ಮೈಕೆಲ್ ರಿಸ್‌ಬ್ರಾಕ್ ಎಂಬ ಶಿಲ್ಪಿ ಇದನ್ನು 1730ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ ಸಭಾಕೋಣೆಗೆಂದು ಕೆತ್ತಿದ. ಸಮುದ್ರತೀರದಲ್ಲಿ ಬ್ರಿಟಾನಿಯಾ ಕೂತಿದ್ದಾಳೆ. ಪೂರ್ವದೇಶದ ಹೆಂಗಸರು ಸಾಲಾಗಿ ಬಂದು ಸಂಪತ್ತನ್ನು ಒಪ್ಪಿಸುತ್ತಿದ್ದಾರೆ. ಹಿಂದೆ ಒಂಟೆ, ಸಿಂಹ, ದೂರದಲ್ಲಿ ಹಡಗು. ಮುಖಗಳಲ್ಲಿ ಎಷ್ಟು ಸಂತೋಷವೆಂದರೆ ಯಾರೋ ಮದುವೆಯ ಉಡುಗೊರೆ ಕೊಡಲು ಬಂದಂತಿದೆ. ಕೆತ್ತನೆ ಅಪ್ಪಟ, ಸುಳ್ಳೂ ಅಷ್ಟೇ ಅಪ್ಪಟ. ಕಂಪನಿಯ ದೊಡ್ಡವರು ಚಳಿಗಾಲದಲ್ಲಿ ಈ ಕಲ್ಲಿನ ಕೆಳಗೆ ಬೆನ್ನು ಕಾಯಿಸಿಕೊಳ್ಳುತ್ತ ದರ ನಿಗದಿ ಮಾಡಿದ್ದಿರಬೇಕು. ಭಾವ ತೀರದಲ್ಲಿ ಹರಡಿದ ಸರಕನ್ನೆಲ್ಲ ಕಣ್ಣಲ್ಲೇ ಜಾಲಾಡಿ, ಮೆಣಸು ಯಾವ ಕಡೆ ಎಂದು ನನ್ನನ್ನು ಕೇಳಿದರು. ಆಮೇಲೆ ಬಗ್ಗಿ ಬದಿಯ ಸಂದು ನೋಡಿದರು. ಕಾವಲಿನವನು ಮುಟ್ಟಬಾರದೆಂದು ಕೈಸನ್ನೆ ಮಾಡಿದ.

‘ಇದೂ ಬೇರೆ ಕಡಿಂದ ಕಳ್ಚಿ ತಂದದ್ದೇ’ ಎಂದರು.

ಸರಿಯಾಗಿಯೇ ಹೇಳಿದ್ದರು. ಲೆಡನ್‌ಹಾಲ್ ಬೀದಿಯ ಕಂಪನಿ ಕಟ್ಟಡವನ್ನು 1861ರಲ್ಲಿ ಕೆಡವಿದ ಮೇಲೆ ಒಲೆಯನ್ನು ಬಿಡಿಸಿ ಇಲ್ಲಿಗೆ ತಂದು ಕೂರಿಸಿದ್ದು. ಕೋಣೆಯ ಕಥೆ ಹೇಳುತ್ತಿದ್ದ ಸ್ವಯಂಸೇವಕ ಮುದುಕರು ಮಗಳಿಂದ ಭಾವನ ಮಾತು ಕೇಳಿ ಕಣ್ಣರಳಿಸಿದರು.

‘ಇಲ್ಲಿಂದ ಇನ್ನೊಂದ್ ಸಲ ಎತ್ತೂಕೆ ಆತ್ತಾ, ಕೇಳ್ ಮಗಾ.’

‘ಮಾವ, ಇದ್ ಫಾರಿನ್ ಆಫೀಸ್. ಹಾಂಗೆಲ್ಲ ಕೇಂಬುಕಾಗ’ ಎಂದಳು ಮಗಳು. ಆದರೂ ಕೇಳಿದಳು.

ಮುದುಕರು ನಕ್ಕರು. ಒಮ್ಮೆ ಎತ್ತಿದ್ದನ್ನು ಇನ್ನೊಮ್ಮೆ ಎತ್ತಬಹುದು, ಆದರೆ ಒಯ್ಯುವುದು ಎಲ್ಲಿಗೆ ಎಂದರು.

‘ಬಸ್ರೂರಿಗ್’ ಎಂದರು ಭಾವ, ಒಂದು ಕ್ಷಣವೂ ತಡೆಯದೆ. ‘ನಮ್ ಮೆಣ್ಸ್, ಅಕ್ಕಿ ಎಲ್ಲ ಹಡ್ಗ್ ಹತ್ತದ್ ಅಲ್ಲಿಂದಲ್ದಾ?’

ಮುದುಕರು ಜೇಬಿನಿಂದ ಪೆನ್ನು ತೆಗೆದು ಬಸ್ರೂರಿನ ಸ್ಪೆಲ್ಲಿಂಗ್ ಕೇಳಿದರು. ಮಗಳು ಅರ್ಧ ಹೇಳುವಷ್ಟರಲ್ಲಿ ಹಿಂದಿನ ಸಾಲು ನಮ್ಮನ್ನು ಮುಂದಿನ ಕೋಣೆಗೆ ದಾಟಿಸಿಬಿಟ್ಟಿತು.